ಕಡತದ ಏಳನೆಯವನು

ಬೆಳಗಿನ ಏಳು ಗಂಟೆ. ವಿಕ್ಟೋರಿಯಾ ಸರೋವರದ ದಡದ ಹಳೆಯ ಸರ್ಕಾರಿ ಕಚೇರಿಯ ಅಂಗಳದಲ್ಲಿ ವಿಲ್‌ಫ್ರಿಡಾ ಅಪೊಂಡಿ ಚಾಪೆ ಹಾಸಿ, ಬ್ರಿಟಿಷರ ಕಾಲದ ಕಡತಗಳನ್ನು ಎಳೆಬಿಸಿಲಿಗೆ ಹರವುತ್ತಿದ್ದಾರೆ. ದಿನಕ್ಕೆ ನಲವತ್ತು ಕಟ್ಟು, ಮೂವತ್ತೊಂದು ವರ್ಷದಿಂದ. ಕಚೇರಿಯವರು ಅವರನ್ನು ‘ಗೆದ್ದಲಿನ ಯಮ’ ಎಂದು ರೇಗಿಸುತ್ತಾರೆ.

ಇವರ ಮನೆಯಲ್ಲಿ ಮೀನು ಬೇಯುವುದಿಲ್ಲ. ಮೀನೇ ದಿನದ ಊಟವಾದ ದಡದ ಲುವೊ ಜನರಿಗೆ ಇದೊಂದು ದೊಡ್ಡ ತಮಾಷೆ. 1934ರಲ್ಲಿ ರಸ್ತೆ ಕೆಲಸಕ್ಕೆ ಹೋದ ಅಜ್ಜ ಒಯಾಮೊ ಹಿಂದಿರುಗಲಿಲ್ಲ. ಸರೋವರ ನುಂಗಿತೆಂದು ತಿಳಿದ ಮನೆಯವರು, ಹೆಣ ಸಿಗದಾಗ ಮಾಡುವಂತೆ, ಯಾಗೊ ಮರದ ಉದ್ದನೆಯ ಕಾಯನ್ನು ಅವನ ಬದಲಿಗೆ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿದರು. ಬಸುರಿ ಅಜ್ಜಿ ಅಂದೇ ಮೀನು ತಿನ್ನುವುದನ್ನು ಬಿಟ್ಟಳು.

ಕಳೆದ ಮಾರ್ಚ್‌ನಲ್ಲಿ ಅಪೊಂಡಿ ಅದೇ 1934ರ ಒಂದು ಕಡತ ಬಿಚ್ಚಿದರು. ರಸ್ತೆ ಕೆಲಸದ ಬಿಳಿಯ ಮೇಸ್ತ್ರಿಯೊಬ್ಬ ಒಂದೇ ಬೆಳಿಗ್ಗೆ ಒಂಬತ್ತು ಕೂಲಿಗಳನ್ನು ಗುಂಡಿಕ್ಕಿ ಕೊಂದು, ತನ್ನ ಕುದುರೆಗೂ ಗುಂಡು ಹೊಡೆದು, ಜೊಂಡಿನೊಳಗೆ ಮರೆಯಾಗಿದ್ದ. ಯಾಕೆ? ಆಮೇಲೆ ಏನಾದ? ಅದನ್ನು ಹೇಳಬೇಕಾದ ಹಾಳೆಗಳೇ ಇಲ್ಲ.

“ಗೆದ್ದಲು ತಿಂದಿದ್ರೆ ನಂಗೆ ಗೊತ್ತಾಗಲ್ವಾ? ಇದು ಬ್ಲೇಡಲ್ಲಿ ಕೊಯ್ದಿರೋದು,” ಎನ್ನುತ್ತಾರೆ ಅಪೊಂಡಿ, ಕಡತದಲ್ಲಿ ಕೊಯ್ದುಳಿದ ಹಾಳೆಗಳ ಅಂಚು ಸವರುತ್ತಾ.

ಉಳಿದ ಒಂದು ಪುಟ ಓದಿದರೆ ಮೈ ಉರಿಯುತ್ತದೆ. ಕುದುರೆಗೆ ಡೈಸಿ ಎಂಬ ಹೆಸರಿದೆ, ವಯಸ್ಸೂ ಇದೆ. ಸತ್ತ ಮನುಷ್ಯರಿಗೆ ಬರೀ ಅಂಕಿ. ಏಳು: ಎಡಗೈಯ ಕಿರುಬೆರಳಿಲ್ಲ, ಸೊಂಟದಲ್ಲಿ ನೀರಾನೆ ಹಲ್ಲಿನ ತಾಯಿತ. ಕಿರುಬೆರಳಿಲ್ಲದ ಅಜ್ಜನ ಕಥೆ ಕೇಳುತ್ತಲೇ ಅಪೊಂಡಿ ಬೆಳೆದವರು. ಆ ತಾಯಿತದ ಜೋಡಿ ಇವತ್ತಿಗೂ ಅವರ ತಾಯಿ ಡೊರ್ಕಾಸ್ ಕೊರಳಲ್ಲಿದೆ.

ಡೊರ್ಕಾಸ್‌ಗೆ ಈಗ ತೊಂಬತ್ತು. ಮಗಳಿಂದ ಸುದ್ದಿ ಕೇಳಿ ಕೊರಳಿನ ತಾಯಿತ ಹಿಡಿದುಕೊಂಡಳು.

“ಹಂಗಾದ್ರೆ ನೀರು ತಿನ್ಲಿಲ್ವೇನೇ ನಮ್ಮಪ್ಪನ್ನ?”

“ಇಲ್ಲಮ್ಮ.”

“ಅಯ್ಯೋ, ಹುಟ್ಟಿದಾಗಿಂದ ಆ ಸರೋವರಕ್ಕೆ ಶಾಪ ಹಾಕ್ಕೊಂಡು ಬಂದ್ನಲ್ಲೇ! ಆ ಬಿಳಿಯ ಯಾಕೆ ಹೊಡ್ದ?”

“ಬರೆದಿಲ್ಲಮ್ಮ.”

“ಒಂಬತ್ತು ಜನ ಸತ್ರೂ ಒಂದು ಸಾಲು ಬರೆಯೋಕೆ ಅವ್ರಿಗೆ ಪುರುಸೊತ್ತಿರಲಿಲ್ವಾ?”

ಮರುದಿನ ಮುದುಕಿ ತಾನೇ ದಡಕ್ಕೆ ಹೋಗಿ ಒಂದು ಮೀನು ತಂದಳು. ಸಾರು ಮಾಡಿದಳು, ಆದರೆ ತಿನ್ನದೆ ತಟ್ಟೆಯನ್ನು ಪಕ್ಕಕ್ಕಿಟ್ಟಳು.

ಗುಂಡು ಹೊಡೆದವನ ಕಾರಣ ಇನ್ನು ಸಿಗುತ್ತದೆಂಬ ಆಸೆ ಅಪೊಂಡಿಗಿಲ್ಲ. ಏಳರ ಮುಂದೆ ಪೆನ್ಸಿಲ್‌ನಲ್ಲಾದರೂ ಒಂದು ಹೆಸರು ಬರೆಯಲು ಮೂರು ಸಲ ಅನುಮತಿ ಕೇಳಿದ್ದಾರೆ. ಹಳೆಯ ದಾಖಲೆ ಮುಟ್ಟುವಂತಿಲ್ಲ ಎಂದೇ ಮೂರು ಸಲವೂ ಉತ್ತರ. ಬರುವ ವರ್ಷ ಅವರಿಗೆ ನಿವೃತ್ತಿ.

“ಹಾಳೆ ಕೊಯ್ದೋರಿಗೆ ಯಾರೂ ಬೇಡ ಅನ್ಲಿಲ್ಲ. ಕುದುರೆ ಹೆಸರು ಹಂಗೇ ಇರ್ಲಿ ಸ್ವಾಮಿ, ಪಾಪ ಅದೇನು ಮಾಡಿತ್ತು?” ಎನ್ನುತ್ತಾ ಅಪೊಂಡಿ ಆ ಪುಟವನ್ನು ಬಿಸಿಲಿಗೆ ತಿರುಗಿಸುತ್ತಾರೆ. “ಏಳರ ಮುಂದೆ ಒಯಾಮೊ ಅಂತ ಬರೀಬೇಕು, ಅಷ್ಟೇ.”