ಮದಿಹಾ ಮಲಗಿದ ತಾಸು

ಜೇವರ್ಗಿ ಕಾಲೋನಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಸ ಹೊಡೆದು ಚಹಾ ಕೊಡುವವಳು ಶಿವಕಾಂತಮ್ಮ. ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಾಳೆ. ಅಕ್ಷರ ಕೂಡಿಸಿ ಓದುತ್ತಾಳೆ, ಗಡಿಯಾರ ತಿಳಿಯುತ್ತದೆ. ಗಂಡ ಮಾಪಣ್ಣ ಕಪನೂರಿನ ಬೇಳೆ ಮಿಲ್ಲಿನಲ್ಲಿ ಹಾಜರಿ ಬರೆಯುತ್ತಿದ್ದ. ಅವನು ತೀರಿಹೋಗಿ ಎಂಟು ತಿಂಗಳು.

ಆ ಶನಿವಾರ, ಭಾನುವಾರ ಕ್ಲಾಸಿನಲ್ಲಿ ಗೇಮ್ ಜಾಮ್ ಇತ್ತು. ಎರಡು ದಿನದೊಳಗೆ ಹೊಸ ಆಟವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ ಮುಗಿಸಬೇಕು. ಹೋದ ವರ್ಷ ಒಬ್ಬಳು ಊಟ ನಿದ್ದೆ ಬಿಟ್ಟು ಕೂತು ತಲೆ ತಿರುಗಿ ಬಿದ್ದಿದ್ದಳು. ಅದಕ್ಕೇ ಈ ಸಲ ಮಾಸ್ತರ ಕಪಿಲ ಒಂದು ಕಟ್ಟು ಹಾಕಿದ: ಒಬ್ಬರಿಗೆ ಹದಿನಾರು ತಾಸು ಕೆಲಸ, ಅಷ್ಟೇ. ತಾಸು ಬರೆಯುವ ಪುಸ್ತಕ ಶಿವಕಾಂತಮ್ಮನ ಕೈಗೆ ಕೊಟ್ಟ.

"ನನಗ್ಯಾಕ್ರಿ ಮಾಸ್ತರ? ನನಗ ಈ ಆಟ ತಿಳಿಯಂಗಿಲ್ಲ."

"ಅದಕ್ಕೇ ಯವ್ವಾ. ತಿಳಿದವರಿಗಿ ಕೊಟ್ರ ತಮ್ಮವರ ಕಡಿ ಜಗ್ತಾರ. ಹಾಜರಿ ಬರಿಯವನ ಹೆಣ್ತಿ ನೀ."

ಕೂತಾಗ ಬರೆದಳು, ಎದ್ದಾಗ ಬರೆದಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಮೂಲೆಯಲ್ಲಿ ಮದಿಹಾ ಎಂಬ ಕಾಲೇಜು ಹುಡುಗಿ ಒಬ್ಬಳೇ ಆಟ ಕಟ್ಟುತ್ತ ಕೂತಿದ್ದಳು. ಅವಳ ಆಟದಲ್ಲಿ ಒಂದು ಆಡು ಊರ ಮಾಳಿಗೆಗಳ ಮೇಲೆ ಜಿಗಿಯುತ್ತ ತನ್ನ ಮನೆ ಹುಡುಕುತ್ತದೆ. ಭಾನುವಾರ ಮಧ್ಯಾಹ್ನದ ಬಿಸಿಲಿಗೆ ಫ್ಯಾನೂ ತೂಕಡಿಸುತ್ತಿತ್ತು. ಮದಿಹಾ ಮೇಜಿಗೆ ತಲೆ ಇಟ್ಟು ಒಂದು ತಾಸು ಮಲಗಿದಳು. ಎದ್ದವಳೇ ಚಕಚಕ ಕೀಲಿ ಒತ್ತತೊಡಗಿದಳು. ಮೂರು ಗಂಟೆಗೆ ಶಿವಕಾಂತಮ್ಮ ಬಂದು ನಿಂತಳು.

"ಹದಿನಾರು ಮುಗೀತು. ಏಳು ಮಗಳ."

"ಹಾಯ್ ಅಲ್ಲಾ! ಹದಿನೈದು ಅಮ್ಮಾ! ಒಂದು ತಾಸು ಮಲಗಿದ್ನಲ್ಲ. ಇನ್ನಾ ಮನೀನೇ ಕಟ್ಟಿಲ್ಲ, ಆಡು ಎಲ್ಲಿಗಿ ಹೋಗಬೇಕು?"

ಪಕ್ಕದ ಕುರ್ಚಿಯ ವಿವೇಕಾನಂದ ನಕ್ಕ. "ಗೊರಕಿ ಹೊಡದಾಳ ಯವ್ವಾ, ನಾ ಸಾಕ್ಷಿ. ಆ ತಾಸು ತಗದುಬಿಡು."

"ಗೊರಕಿ ನೀ ಹೊಡೀತಿ!" ಎಂದಳು ಮದಿಹಾ.

ಶಿವಕಾಂತಮ್ಮ ಪೆನ್ನು ಎತ್ತಿದಳು. ತಾಸು ತೆಗೆಯುವವಳೇ ಇದ್ದಳು. ಸುಮ್ಮನೆ ಕೇಳಿದಳು, "ಕನಸ ಬಿತ್ತೇನು?"

ಮದಿಹಾಳ ಮುಖ ಅರಳಿತು. "ಬಿತ್ತಮ್ಮಾ! ಆಡು ಕೆಳಗ ಇಳೀಲಾಕ ದಾರೀನೇ ಸಿಗವಲ್ಲದಾಗಿತ್ತು, ಮುಂಜಾನಿಂದ ತಲಿ ಕೆಟ್ಟಿತ್ತು. ಕನಸಿನಾಗ ಮೋಡಾನೇ ಮೆಟ್ಟಿಲ ಆದ್ವು. ಎದ್ದು ಅದನ್ನೇ ಹಾಕೀನಿ, ನೋಡ್ರಿ!"

ಪೆನ್ನು ಅಲ್ಲೇ ನಿಂತಿತು. ಮಾಪಣ್ಣ ಹೋದ ಮೇಲೆ ಅವಳಿಗೂ ಒಂದೇ ಕನಸು. ಅವನು ಉಣ್ಣಲು ಕೂತಿರುತ್ತಾನೆ, ಅವಳು ರೊಟ್ಟಿ ಬಡಿಯುತ್ತಾಳೆ. ಹಿಟ್ಟು ತೀರುವುದಿಲ್ಲ. ಅವನು ಸಾಕು ಅನ್ನುವುದಿಲ್ಲ. ಬೆಳಗಾದರೆ ರಟ್ಟೆ ನೋಯುತ್ತವೆ. ಮಲಗಿ ಆರಾಮ ಮಾಡಿದಿ ಅಂತ ಯಾರಾದರೂ ಅಂದರೆ ಅವಳು ಒಪ್ಪುವವಳಲ್ಲ.

"ಹಂಗಾದ್ರ ಮಲಗಿದಾಗೂ ನೀ ದುಡದಿ," ಎಂದಳು. "ತಾಸು ತಗಿಯಂಗಿಲ್ಲ. ಏಳು."

"ಖರೇ ಹೇಳಿದ್ದೇ ತಪ್ಪಾಯ್ತೇನಮ್ಮಾ?"

"ತಪ್ಪಲ್ಲ. ನೀ ಖರೇ ಹೇಳ್ದಿ, ನಾ ಖರೇ ಬರದೆ."

ಮದಿಹಾಳ ಕಣ್ಣು ತುಂಬಿದವು. ಶಿವಕಾಂತಮ್ಮ ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಬರೆದದ್ದು ಅಳಿಸಲಿಲ್ಲ.

ಐದಕ್ಕೆ ಎಲ್ಲರ ಆಟ ಎಲ್ಲರೂ ಆಡಿ ನೋಡಿದರು. ಮದಿಹಾ ಮುನಿಸಿನಲ್ಲೇ ಶಿವಕಾಂತಮ್ಮನನ್ನು ಕೂರಿಸಿ, "ನಿಲ್ಸಿದವರು ನೀವು, ನೀವೇ ಆಡ್ರಿ," ಎಂದು ಬೆರಳು ಹಿಡಿದು ತೋರಿಸಿದಳು.

ಆಡು ಮಾಳಿಗೆ ಮಾಳಿಗೆ ದಾಟಿತು. ಮೋಡ ತುಳಿದು ಇಳಿಯಿತು. ಕೆಳಗೆ ಮನೆಯಿಲ್ಲ, ನೆಲವಿಲ್ಲ. ಬರೀ ನೀಲಿ. ಒತ್ತಿದಷ್ಟೂ ಅದು ನೀಲಿಯೊಳಗೆ ನಡೆಯುತ್ತಲೇ ಹೋಯಿತು.

"ಬಿಡ್ರಿ ಅಮ್ಮಾ. ಮುಂದ ಏನೂ ಇಲ್ಲ."

"ಇಲ್ದಿದ್ರ ಏನಾಯ್ತು? ಆಡು ನಡೀಲಾಕತ್ತದಲ್ಲ."

ಶಿವಕಾಂತಮ್ಮ ಬೆರಳು ತೆಗೆಯಲಿಲ್ಲ. ಮದಿಹಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.