ಪಂಕ್ಚರ್ ಅಂಗಡಿಯ ಮೇಲಿನ ಕೆಂಪು ಚುಕ್ಕೆಗಳು

ಆ ಊರಿನ ಹೆಸರು ಬರೆಯುವುದಿಲ್ಲ. ವಾಡಿಗೂ ಚಿತ್ತಾಪುರಕ್ಕೂ ದೂರವಲ್ಲದ ಒಂದು ಠಾಣೆಯಲ್ಲಿ ನಾನು ರೈಟರ್ ಆಗಿದ್ದೆ. ಅಂದರೆ ದೂರು ಬರೆದುಕೊಂಡು ಕಂಪ್ಯೂಟರಿಗೆ ಹಾಕುವ ಪೊಲೀಸಪ್ಪ. ನನ್ನ ಸೋಮಾರಿತನ ಒಬ್ಬನ ಅನ್ನ ಕಸಿದದ್ದನ್ನು ಹೇಳುತ್ತಿದ್ದೇನೆ. ಕ್ಷಮೆ ಕೇಳಲು ಅಲ್ಲ, ಕೇಳಬೇಕಾದಾಗ ಕೇಳಲಿಲ್ಲ.

ನಮ್ಮ ಸರಹದ್ದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳ ನಡುವೆ ಉದ್ದನೆಯ ರಸ್ತೆಯೊಂದಿತ್ತು. ಲಾರಿಯ ಡೀಸೆಲ್, ಬೈಕು, ಮೊಬೈಲು, ಎಲ್ಲ ಕಳವಾಗುತ್ತಿದ್ದದ್ದು ಅಲ್ಲೇ. ಎಲ್ಲಿ ಹೋಯಿತು ಎಂದು ಕೇಳಿದರೆ ದೂರು ತಂದವರೆಲ್ಲ, "ಪಂಕ್ಚರ್ ಅಂಗಡಿ ದಾಟಿ ಮುಂದ ರೀ" ಎನ್ನುವರು. ಎಷ್ಟು ಮುಂದೆ? ಒಬ್ಬನಿಗೆ ಅರ್ಧ ಮೈಲಿ, ಇನ್ನೊಬ್ಬನಿಗೆ ಮೂರು ಮೈಲಿ. ಆ ಬಟಾಬಯಲಲ್ಲಿ ಗುರುತು ಅಂತ ಇದ್ದದ್ದು ಅದೊಂದು ಅಂಗಡಿ. ಎದ್ದು ಹೋಗಿ ಜಾಗ ನೋಡಬೇಕಾದ ನಾನು, ಕುಂತಲ್ಲೇ ಸ್ಥಳದ ಕಾಲಮ್ಮಿನಲ್ಲಿ 'ಪಂಕ್ಚರ್ ಅಂಗಡಿ' ಎಂದು ತುಂಬಿ ಚಹಾಕ್ಕೆ ಹೋಗುತ್ತಿದ್ದೆ.

ಆಮೇಲೆ ಮೈಸೂರು ಕಡೆಯ ಹೊಸ ಸಾಹೇಬರು ಬಂದರು. ಅಪರಾಧಗಳ ಅಂಕಿಅಂಶ ನೋಡಿಯೇ ಗಸ್ತು ಹಾಕಬೇಕೆಂಬ ಹುಕಿ ಅವರದು. ನಾನು ತುಂಬಿದ್ದನ್ನೆಲ್ಲ ನಕ್ಷೆಗೆ ಹಾಕಿಸಿದರು. ಅಂಗಡಿಯ ಮೇಲೆ ಕೆಂಪು ಚುಕ್ಕೆಗಳು ದಡಾರದಂತೆ ಎದ್ದಿದ್ದವು. "ಕಳ್ಳರ ಅಡ್ಡ ಸಿಕ್ತಲ್ಲಯ್ಯಾ!" ಎಂದು ಬೆನ್ನು ತಟ್ಟಿದರು. ಅದು ನನ್ನ ಸೋಮಾರಿತನದ ಅಡ್ಡ ಎಂದು ಗೊತ್ತಿದ್ದೂ ತಟ್ಟಿಸಿಕೊಂಡೆ.

ಅಂದಿನಿಂದ ಜೀಪು ಅಲ್ಲೇ ನಿಂತಿತು. ಅಂಗಡಿಯವನು ನಡುವಯಸ್ಸಿನ ಮುಸಲ್ಮಾನ, ಮಾತು ಕಡಿಮೆ. ನಮ್ಮವರು ಅವನ ಗಿರಾಕಿಗಳ ಕಾಗದ ಕೇಳಿದರು. ಕದ್ದ ಮಾಲು ಎಲ್ಲಿಟ್ಟಿದ್ದೀಯ ಎಂದು ಅವನದೇ ಟಾಯರುಗಳ ಮುಂದೆ ನಿಲ್ಲಿಸಿ ಬಾರಿಸಿದರು. ಲೈಸೆನ್ಸಿಲ್ಲದವ, ಕುಡಿದವ, ಯಾರು ಸಿಕ್ಕರೂ ಕೇಸು. ಪ್ರತಿ ಕೇಸಿಗೂ ಅಲ್ಲೇ ಇನ್ನೊಂದು ಚುಕ್ಕೆ. ಚುಕ್ಕೆ ಹೆಚ್ಚಿದವೆಂದು ಜೀಪು ಎರಡಾದವು. ನಿಜವಾದ ಕಳ್ಳರು ಮೂರು ಮೈಲಿ ಆಚೆ ನಿಶ್ಚಿಂತೆಯಿಂದ ಡೀಸೆಲ್ ಇಳಿಸುತ್ತಿದ್ದರು. ಪೊಲೀಸರಿಗೆ ಹೆದರಿ ಲಾರಿಗಳು ನಿಲ್ಲುವುದು ತಪ್ಪಿ, ಕೆಲವೇ ತಿಂಗಳಲ್ಲಿ ಅಂಗಡಿ ಮುಚ್ಚಿತು.

ಅವನು ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಕೆಲಸ ಹುಡುಕಿಕೊಂಡ. ಕೆಲಸ ಪಕ್ಕಾ ಆಗಲು ನಡತೆ ಚೆನ್ನಾಗಿದೆಯೆಂಬ ಪೊಲೀಸರ ಪತ್ರ ಬೇಕಿತ್ತು. ಅರ್ಜಿ ನನ್ನ ಮೇಜಿಗೆ ಬಂತು, ನಾನು ಸಾಹೇಬರ ಮುಂದಿಟ್ಟೆ. ಅವರು ವಿಳಾಸ ಓದಿ ನಕ್ಷೆಯ ಮೇಲೆ ಬೆರಳಿಟ್ಟರು. "ಇವನು ಈ ಜಾಗದವನೇ ಅಲ್ವಾ?"

ಆ ಚುಕ್ಕೆಗಳೆಲ್ಲ ನನ್ನ ಕೈಕೆಲಸ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನನ್ನ ಮನೆ ಸೇಡಂನಲ್ಲಿ, ಅಲ್ಲಿಗೆ ವರ್ಗ ಕೇಳಿದ ಕಾಗದಕ್ಕೆ ಅವರ ಸಹಿ ಆಗಬೇಕಿತ್ತು. "ಹೌದ್ರಿ ಸರ್" ಎಂದೆ. 'ಕೆಲಸಕ್ಕೆ ಯೋಗ್ಯನಲ್ಲ' ಎಂದು ಟೈಪ್ ಮಾಡಿದವನೂ ನಾನೇ.

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಉರ್ದು ಬಿಟ್ಟರೆ ಅವನಿಗೆ ಓದಲು ಬರುತ್ತಿರಲಿಲ್ಲ. ಅದೇ ಪತ್ರ ಕೈಗಿಟ್ಟೆ. ಕೆಳಗಿನ ಮೊಹರನ್ನು ಬಹಳ ಹೊತ್ತು ನೋಡಿದ.

"ಆಯ್ತೇನ್ರಿ ಸಾಹೇಬ್ರ?"

"ಆಯ್ತು" ಎಂದೆ.

ಅವನು ಪತ್ರವನ್ನು ಕಣ್ಣಿಗೊತ್ತಿಕೊಂಡ. "ಈ ಠಾಣಾದಾಗ ನೀವೊಬ್ರೇ ನನ್ ಮ್ಯಾಲ ಕೈ ಎತ್ತಿಲ್ಲ ನೋಡ್ರಿ. ಅಲ್ಲಾ ನಿಮ್ಮ ಮಕ್ಕಳ್ನ ಛಲೋ ಇಡ್ಲಿ" ಎಂದು ಹೇಳಿ, ಸೈಕಲ್ ಹತ್ತಿ ಫ್ಯಾಕ್ಟರಿ ಕಡೆಗೆ ಹೊರಟ.