ಶುಕ್ರವಾರದೊಳಗೊಂದು ಶುಕ್ರವಾರ

ಈ ವಿಷಯ ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಕೂತಾಗಲೆಲ್ಲ ಬೇರೇನೋ ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಇವತ್ತು ಏಳುವುದಿಲ್ಲ.

ಮೂಡಲಪಾಳ್ಯದ ನಮ್ಮ ಮನೆಯಲ್ಲಿ ಕೆಳಗೆ ಅತ್ತಿಗೆ, ಮೇಲೆ ನಾನು ಮತ್ತು ನನ್ನ ಹೆಂಡತಿ. ಅಣ್ಣ ತೀರಿಕೊಂಡ ಮೇಲೂ ಅಡುಗೆ ಒಂದೇ, ಕಂಪ್ಯೂಟರೂ ಒಂದೇ. ಅದು ನನ್ನ ಕೋಣೆಯಲ್ಲಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಯ ಸ್ಟೋರಿನಲ್ಲಿ ದುಡಿದ ನಾನು ನಿವೃತ್ತನಾದ ಮೇಲೆ ಅದನ್ನು ಅಷ್ಟಿಷ್ಟು ಕಲಿತು ಅದರ ಯಜಮಾನನಾಗಿಬಿಟ್ಟಿದ್ದೆ. ನಮ್ಮ ಬೀದಿಯ ಸಂಘದ ಪತ್ರಗಳು, ಮನೆಯ ಹಳೆಯ ಫೋಟೋಗಳು ಎಲ್ಲ ಅದರಲ್ಲಿದ್ದವು.

ಅತ್ತಿಗೆಯದೂ ಒಂದು ಫೋಲ್ಡರ್ ಇತ್ತು, ರಂಗೋಲಿಯದು. ಬೆಳಿಗ್ಗೆ ಗೇಟಿನ ಮುಂದೆ ಬಿಡಿಸಿದ ರಂಗೋಲಿ ಕಸದ ಆಟೋ ಬರುವವರೆಗೆ ಮಾತ್ರ. ಅದಕ್ಕೇ ಬಿಡಿಸಿದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯುತ್ತಿದ್ದರು. ತಿಂಗಳಿಗೊಮ್ಮೆ ಅವನ್ನು ಕಂಪ್ಯೂಟರಿಗೆ ಹಾಕಿ ಮೊಬೈಲ್ ಖಾಲಿ ಮಾಡಿಕೊಡುವುದು ನನ್ನ ಕೆಲಸ. ಹೀಗೆ ಮೂರು ವರ್ಷದ ರಂಗೋಲಿ ಸೇರಿತು. ಆಮೇಲೆ ಅವರಿಗೆ ಮಂಡಿ ಬಗ್ಗದಾಯಿತು, ನೆಲಕ್ಕೆ ಕೂರುವುದೇ ನಿಂತಿತು. ಸಂಜೆ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ಆ ಫೋಟೋಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಒಂದು ದಿನ ಸಂಘದ ನೋಟಿಸು ಟೈಪು ಮಾಡಿದರೆ ಸೇವ್ ಆಗಲೊಲ್ಲದು. ಡಿಸ್ಕ್ ತುಂಬಿದೆ ಎಂದು ಕೆಂಪು ಪಟ್ಟಿ ಬಂತು. ಸಾವಿರ ಫೋಟೋ ಇರುವುದು ಯಾರದು? ಊಟದ ಹೊತ್ತಿಗೆ ಹೇಳಿಯೇಬಿಟ್ಟೆ.

"ಅತ್ತಿಗೆ, ನಿಮ್ಮ ರಂಗೋಲಿ ನುಂಗಿ ನುಂಗಿ ಕಂಪ್ಯೂಟರ್ ಹೊಟ್ಟೆ ಬಿರೀತಾ ಇದೆ."

"ನನ್ನ ಚುಕ್ಕಿ ಅಷ್ಟು ಜಾಗ ತಿನ್ನುತ್ತಾ? ಮೊದಲು ನಿನ್ನ ಸಂಘದ ಭಾಷಣ ತೆಗೆದು ನೋಡಪ್ಪ."

ನನ್ನ ಹೆಂಡತಿ ನಕ್ಕಳು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಮಧ್ಯಾಹ್ನ ಇಬ್ಬರೂ ಮಲಗಿದಾಗ ರಂಗೋಲಿ ಫೋಲ್ಡರ್ ಖಾಲಿ ಮಾಡಿದೆ. ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ ತೆಗೆದುಹಾಕಿದೆ. ಕೆಂಪು ಪಟ್ಟಿ ಕೂದಲೆಳೆಯಷ್ಟೂ ಸರಿಯಲಿಲ್ಲ.

ಸಂಜೆ ಬಂದ ಅತ್ತಿಗೆಗೆ ವೈರಸ್ ತಿಂದುಹಾಕಿತು ಎಂದು ಸುಳ್ಳು ಹೇಳಿದೆ. "ಒಂದೂ ಉಳಿದಿಲ್ವಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ಅತ್ತಿಗೆ ಕುರ್ಚಿಯ ಬೆನ್ನು ಹಿಡಿದು ತಿರುಗಿ ಕೆಳಗೆ ಹೋದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆಯೇ ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ವಿಜಯನಗರದ ರಿಪೇರಿ ಅಂಗಡಿಗೆ ಹೋದೆ. ಅಳಿಸಿದ್ದನ್ನು ವಾಪಸು ತರಲಾದೀತೇ ಎಂದು ಮೊದಲು ಕೇಳಿದೆ. ನಡುವಯಸ್ಸಿನ ಅಂಗಡಿಯವರು ಖಾತ್ರಿ ಕೊಡಲಿಲ್ಲ. ಮೊದಲು ಏನು ತುಂಬಿದೆ ನೋಡೋಣ ಎಂದು ಒಂದು ಪ್ರೋಗ್ರಾಂ ಓಡಿಸಿದರು. ನೋಡನೋಡುತ್ತಿದ್ದಂತೆ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು! ದೊಡ್ಡ ಫೈಲಿಗೆ ದೊಡ್ಡ ಚೌಕ, ಚಿಕ್ಕದಕ್ಕೆ ಚಿಕ್ಕದು. ನಾನು ಸ್ಟೂಲಿನ ತುದಿಗೆ ಬಂದಿದ್ದೆ. ಪರದೆಯ ಅರ್ಧಕ್ಕೂ ಹೆಚ್ಚು ಭಾಗ ಒಂದೇ ಫೋಲ್ಡರಿನದು. ಅವರು ಅದನ್ನು ತೆರೆದರು. ಒಳಗೆ ಅಂಥದೇ ಇನ್ನೊಂದು. ಅದರೊಳಗೆ ಮತ್ತೊಂದು.

"ಏನ್ ಸಾರ್ ಇದು, ಶುಕ್ರವಾರದೊಳಗೆ ಶುಕ್ರವಾರ ಇಟ್ಟಿದೀರಾ?"

ಆಗ ಹೊಳೆಯಿತು. ಕಂಪ್ಯೂಟರ್ ಯಾವಾಗ ಬೇಕಾದರೂ ಕೈಕೊಡುತ್ತದೆ, ಕಾಪಿ ಇಟ್ಟುಕೊಳ್ಳಿ ಎಂದು ಎರಡು ತಿಂಗಳ ಹಿಂದೆ ಪಕ್ಕದ ಮನೆಯವರು ಹೇಳಿದ್ದರು. ನಾನು ಪ್ರತಿ ಶುಕ್ರವಾರ ಅದಕ್ಕೆ ಕುಂಕುಮವಿಟ್ಟು, ಇದ್ದಬದ್ದದ್ದನ್ನೆಲ್ಲ ಕಾಪಿ ಮಾಡಿ, ಅಲ್ಲೇ ಶುಕ್ರವಾರ ಎಂದು ತಾರೀಖಿನ ಸಮೇತ ಹೊಸ ಫೋಲ್ಡರ್ ತೆರೆದು ಅದರಲ್ಲಿ ಹಾಕುತ್ತಿದ್ದೆ. ಹಿಂದಿನ ವಾರದ ಕಾಪಿಗಳೂ ಅದರ ಜೊತೆ ಹೋಗುತ್ತವೆಂದು ತಲೆಗೆ ಹೋಗಿರಲಿಲ್ಲ. ವಾರ ವಾರ ಎರಡರಷ್ಟಾಗುತ್ತಾ ಬೆಳೆದಿತ್ತು.

"ಬೇರೆ ಯಾರೂ ತುಂಬಿಸಿಲ್ಲ ಸಾರ್. ನೀವೇ," ಎಂದರು ಅಂಗಡಿಯವರು.

ನಾಚಿಕೆಯಾಗಬೇಕಿತ್ತು. ಆದರೆ ನನ್ನ ತಲೆ ಬೇರೆ ಕಡೆ ಓಡಿತ್ತು. ಎಲ್ಲವನ್ನೂ ಕಾಪಿ ಮಾಡಿದ್ದೆನಲ್ಲ! ಒಳಗೆ ಹೋಗಿ, ಇನ್ನೂ ಒಳಗೆ ನೋಡಿ ಎಂದು ಅವರ ಭುಜ ಹಿಡಿದು ಅವಸರಪಡಿಸಿದೆ. ಸಿಕ್ಕಿತು. ರಂಗೋಲಿ. ತಾವರೆ, ಗಿಳಿ, ಹದಿನೈದು ಚುಕ್ಕಿಯ ತೇರು, ಅತ್ತಿಗೆಯ ಕಾಲಿನ ಬೆರಳು ಬಿದ್ದ ಫೋಟೋ ಸಮೇತ. ನಾನು ಎದ್ದುನಿಂತು ಜೋರಾಗಿ ನಕ್ಕೆ. ಮೌಸ್ ಕೊಳ್ಳಲು ಬಂದಿದ್ದ ಯಾರೋ ಹೆಂಗಸು ಗಾಬರಿಯಿಂದ ನೋಡಿದರು. ಅಂಗಡಿಯವರು ಎಲ್ಲದರ ಒಂದೊಂದು ಕಾಪಿ ಉಳಿಸಿ ಮಿಕ್ಕಿದ್ದನ್ನು ತೆಗೆದರು. ಪಟ್ಟಿ ನೀಲಿಯಾಯಿತು.

ನಿಜ ಹೇಳಿಬಿಡಬೇಕೆಂದು ಆಟೋದಲ್ಲಿ ಮಾತು ಜೋಡಿಸಿಕೊಂಡೆ. ಮನೆಗೆ ಬಂದು ಬಾಗಿಲಲ್ಲೇ, "ಸಿಕ್ತು ಅತ್ತಿಗೆ, ಎಲ್ಲಾ ಸಿಕ್ತು" ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಜೋಡಿಸಿಕೊಂಡ ಮಾತು ಹೊರಗೆ ಬರಲಿಲ್ಲ.

ಮುಂದಿನ ವಾರ ಅತ್ತಿಗೆ ಆ ಮಂಡಿ ನೋವಿನಲ್ಲೇ ಒಬ್ಬಟ್ಟಿನ ಡಬ್ಬಿ ಹಿಡಿದು ನನ್ನ ಜೊತೆ ಅಂಗಡಿಗೆ ಬಂದರು. ಅಂಗಡಿಯವರು ನನ್ನನ್ನೊಮ್ಮೆ ನೋಡಿದರು. "ನಮ್ದೇನಿಲ್ಲ ಅಮ್ಮಾ. ಸಾರ್ ಕಾಪಿ ಇಟ್ಟಿದ್ರು, ಅದಕ್ಕೆ ಸಿಕ್ತು" ಎಂದರು.

ಅಂದಿನಿಂದ ಬಂದ ನೆಂಟರಿಗೆಲ್ಲ ಅತ್ತಿಗೆ ಹೇಳುವುದು ಒಂದೇ: ನನ್ನ ಮೈದುನ ಜೋಪಾನದ ಮನುಷ್ಯ, ಅವನಿಂದ ನನ್ನ ರಂಗೋಲಿ ಉಳಿಯಿತು. ನಾನು ತಲೆ ತಗ್ಗಿಸಿ ಕಾಫಿ ಕುಡಿಯುತ್ತೇನೆ. ಅದನ್ನೂ ಅವರು ವಿನಯ ಅಂದುಕೊಂಡಿದ್ದಾರೆ. ಹೆಂಡತಿಗೆ ನಿಜ ಹೇಳಿ ಬೈಸಿಕೊಂಡಾಯಿತು. ವೈರಸ್ ಇರಲಿಲ್ಲ, ಅಳಿಸಿದವನು ನಾನು ಎಂದು ಇನ್ನೂ ಹೇಳದಿರುವುದು, ಕ್ಷಮೆ ಕೇಳದಿರುವುದು ಒಬ್ಬರಲ್ಲಿ ಮಾತ್ರ. ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ.